ವಾಸನೆಯಿಲ್ಲದ ಸೋಪು

ಸಿಂಗಸಂದ್ರ
೨೨ ಜೂನ್ ೨೦೨೫

ಅಜ್ಜಿ,

ನಿನ್ನೆ ಫೋನಿನಲ್ಲಿ ನೀನು "ಹಾಂ? ಏನಂದಿ? ಜೋರಾಗಿ ಹೇಳು" ಎನ್ನುತ್ತಲೇ ಇದ್ದೆ. ಅಪ್ಪ ಫೋನಿಟ್ಟು ನನ್ನ ಕಡೆ ತಿರುಗಿ, "ಅವ್ವಗ ಕಾಗದಾ ಬರಿ. ಇಲ್ಲಾಂದ್ರ ನಮ್ಮ ಮನಿ ಸುದ್ದಿ ಇಡೀ ಅಪಾರ್ಟ್‌ಮೆಂಟಿಗೆ ಗೊತ್ತಾಗತೈತಿ" ಎಂದರು. ನಿನ್ನ ಕಿವಿಯ ಮಷೀನು ರಿಪೇರಿಯಾಗಿ ಬರುವವರೆಗೂ ಹೀಗೇ. ನನಗೂ ಇದೇ ಸಲೀಸು. ಫೋನಿನಲ್ಲಿ ಮಾತಾಡುವಾಗ ಕೈಯನ್ನು ಎಲ್ಲಿಡಬೇಕೆಂದೇ ನನಗೆ ತಿಳಿಯುವುದಿಲ್ಲ.

ಸುದ್ದಿ ಎಂದರೆ, ನಾನು ಮನೆಯಲ್ಲಿ ಸೋಪು ಮಾಡಲು ಶುರುಮಾಡಿದ್ದೇನೆ. ನಗಬೇಡ. ಎಂ.ಎ. ಮುಗಿದಾಗಿನಿಂದ ಪರೀಕ್ಷೆಗೆ ಓದುತ್ತ ಓದುತ್ತ, ಕೈಯಿಂದ ಏನನ್ನಾದರೂ ಮಾಡಿ ಮೇಜಿನ ಮೇಲಿಟ್ಟು ನೋಡಬೇಕು ಅನ್ನಿಸತೊಡಗಿತ್ತು. ಅಮ್ಮ ಮಾತ್ರ, "ಓದೋದು ತಪ್ಪಿಸ್ಕೊಳ್ಳೋಕೆ ಇನ್ನೊಂದು ನೆಪ ಸಿಕ್ತು ನಿಂಗೆ" ಎಂದಳು. ಅದರಲ್ಲೂ ಸ್ವಲ್ಪ ನಿಜವಿದೆ.

ಹಾರ್ಡ್‌ವೇರ್ ಅಂಗಡಿಗೆ ಹೋಗಿ ಕಾಸ್ಟಿಕ್ ಸೋಡಾ ಕೇಳಿದರೆ, "ಏನ್ ಮೇಡಂ, ಸಿಂಕ್ ಬ್ಲಾಕ್ ಆಗಿದ್ಯಾ?" ಅಂದರು. ಗಾಬರಿಯಲ್ಲಿ "ಇಲ್ಲ, ಸ್ನಾನಕ್ಕೆ" ಎಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. ವಿವರಿಸಲು ನಾಚಿಕೆಯಾಗಿ ಪೊಟ್ಟಣ ತೆಗೆದುಕೊಂಡು ಬಂದುಬಿಟ್ಟೆ.

ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಹಾಕಬಾರದು. ಹಾಕಿದರೆ ಉಕ್ಕಿ ಮುಖಕ್ಕೆ ಸಿಡಿಯುತ್ತದಂತೆ. ಅಪ್ಪನ ಹಳೆಯ ಹೆಲ್ಮೆಟ್, ಅಮ್ಮನ ರಬ್ಬರ್ ಗ್ಲೌಸ್ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು ಕದಡಿದೆ. ಎದುರಿನ ಬ್ಲಾಕಿನವರು ಕಿಟಕಿಯಿಂದ ನೋಡುತ್ತಿದ್ದರು. ಒಲೆಯಿಲ್ಲದೆ ಆ ನೀರು ತಾನಾಗಿಯೇ ಬಿಸಿಯಾಗಿ ಹೊಗೆಯಾಡಿತು! ಆರಿದ ಮೇಲೆ ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ, ಸ್ವಲ್ಪ ಹರಳೆಣ್ಣೆ ಸೇರಿಸಿ ಕಡೆಯುತ್ತ ಹೋದೆ. ನಿನ್ನ ಅಂಬಲಿಯಷ್ಟು ಗಟ್ಟಿಯಾಯಿತು. ಸ್ವೀಟ್ ಬಾಕ್ಸಿನಲ್ಲಿ ಕಾಗದ ಹಾಸಿ ಹೊಯ್ದು, ಮಾರನೆಯ ದಿನ ಚಾಕುವಿನಿಂದ ಕತ್ತರಿಸಿದೆ. ತಿಂಗಳಾದರೂ ಗಾಳಿಗಿಟ್ಟು ಒಣಗಿಸಬೇಕು. ಅಲ್ಲಿಯವರೆಗೆ ಮೈಗೆ ತಾಗಿಸುವಂತಿಲ್ಲ. ಲ್ಯಾವೆಂಡರ್ ಪರಿಮಳ ಹಾಕಿದ್ದೇನೆ. ಮನೆಯೆಲ್ಲ ಮದುವೆಮನೆಯಂತಿದೆ.

ಚಿಕ್ಕಮ್ಮನ ಕಾಲಿನ ಬ್ಯಾಂಡೇಜು ಯಾವಾಗ ಬಿಚ್ಚುತ್ತಾರೆ? ಅವರಿಗೆ ಅಡುಗೆ ಮಾಡಿಹಾಕಲು ನೀನು ಹೋದಾಗಿನಿಂದ ನಮ್ಮ ರೊಟ್ಟಿ ಅಂಗಡಿಯಿಂದ ಬರುತ್ತಿದೆ. ಹಪ್ಪಳದ ಹಾಗೆ ಮುರಿಯುತ್ತದೆ. ಅಪ್ಪ ಸಾರಿನಲ್ಲಿ ನೆನೆಸಿಕೊಂಡು ತಿನ್ನುತ್ತಾರೆ.

ನಿನ್ನ ದಾರಿ ಕಾಯುತ್ತಿರುವ,
ಶಾಂಭವಿ


ನಾಗಸಂದ್ರ
೧ ಜುಲೈ ೨೦೨೫

ಚಿ. ಶಾಂಭವಿಗೆ,

ನಿನ್ನ ಕಾಗದ ಬಂತು. ಅಕ್ಷರ ಬಹಳ ಸಣ್ಣದು ಬರೆಯುತ್ತೀ. ನಿನ್ನ ಪೆನ್ನಿನ ಮಸಿಯೂ ತೆಳುವಾಗಿದೆ. ಎರಡು ದಿನ ಹಿಡಿಯಿತು ಓದಲು. ಇನ್ನು ಮೇಲೆ ದಪ್ಪಗೆ ಬರಿ.

ನಾನು ಮಾತಾಡಿದ ಹಾಗೆ ಬರೆಯುವುದಿಲ್ಲವೆಂದು ನೀನು ನಗುತ್ತೀಯೆಂದು ಗೊತ್ತು. ರಾಣೆಬೆನ್ನೂರಿನ ಸಾಲೆಯಲ್ಲಿ ನಮ್ಮ ಮಾಸ್ತರರು ಬಾಯಿಮಾತು ಬರೆದರೆ ಬೆರಳಿನ ಮೇಲೆ ಹೊಡೆಯುತ್ತಿದ್ದರು. ಆ ಹೆದರಿಕೆ ಇನ್ನೂ ಹೋಗಿಲ್ಲ.

ನಿನ್ನ ಚಿಕ್ಕಮ್ಮ ಧನಲಕ್ಷ್ಮಿ ಕೋಲು ಹಿಡಿದು ಅಡುಗೆಮನೆಯವರೆಗೆ ಬರುತ್ತಾಳೆ. ಬಂದು ನಿಂತು, "ಅತ್ತಿ, ಪಲ್ಯಾಕ್ಕ ಇಷ್ಟು ಖಾರಾನಾ?" ಎನ್ನುತ್ತಾಳೆ. "ನಿನ್ನ ಕಾಲು ಮುರದೈತಿ, ನಾಲಿಗಿ ಅಲ್ಲ. ತಿನ್ನು" ಎಂದೆ. ನಕ್ಕಳು. ನಿನ್ನ ಚಿಕ್ಕಪ್ಪ ಶಿವರಾಜ ಪೀಣ್ಯದ ಫ್ಯಾಕ್ಟರಿಯಿಂದ ಊಟಕ್ಕೆ ಮನೆಗೇ ಬರುತ್ತಿದ್ದಾನೆ, ಮೊದಲು ಬರುತ್ತಿರಲಿಲ್ಲವಂತೆ. ಈ ವಯಸ್ಸಿನಲ್ಲಿ ಯಾರಾದರೂ ನನ್ನ ಕೈಯ ಊಟಕ್ಕೆ ಬಸ್ಸು ಹತ್ತಿ ಬಂದರೆ ನನಗೆ ಇನ್ನೇನು ಬೇಕು.

ನೀನು ಸೋಪು ಮಾಡಿದ್ದು ಕೇಳಿ ಖುಷಿಯಾಯಿತು. ಆದರೆ ಆ ಲ್ಯಾವೆಂಡರು ಎಲ್ಲ ನನಗೆ ಬೇಡ. ಇಲ್ಲಿನ ಕೈ ತೊಳೆಯುವ ಸೋಪಿನ ಘಾಟಿಗೇ ತಲೆ ಸಿಡಿಯುತ್ತದೆ. ನನಗೆ ಯಾವ ವಾಸನೆಯೂ ಬಣ್ಣವೂ ಇಲ್ಲದ್ದು ಮಾಡಿಡು. ಶ್ರಾವಣ ಹಿಡಿಯುವುದರೊಳಗೆ ಬಂದುಬಿಡುತ್ತೇನೆ.

ನಿನ್ನ ಅಜ್ಜಿ,
ಗಂಗಮ್ಮ


ಸಿಂಗಸಂದ್ರ
೧೭ ಆಗಸ್ಟ್ ೨೦೨೫

ಅಜ್ಜಿ,

ದಪ್ಪ ಪೆನ್ನು ತಂದಿದ್ದೇನೆ. ಎಷ್ಟೋ ಸಲ ಬರೆಯಲು ಕುಳಿತು ಎದ್ದಿದ್ದೇನೆ.

ಹಣೆ ಹೇಗಿದೆ? ಮುಲಾಮು ಹಚ್ಚುವಾಗ ಇನ್ನೂ ಉರಿಯುತ್ತದೆಯೇ? ಅಪ್ಪನನ್ನು ಕೇಳಿದರೆ "ಆರಾಮದಾಳ" ಎನ್ನುತ್ತಾರೆ. ಅವರಿಗೆ ಎಲ್ಲರೂ ಆರಾಮವೇ.

ಆ ಸೋಮವಾರದ ಬಗ್ಗೆ ನಾವಿಬ್ಬರೂ ಇನ್ನೂ ಮಾತಾಡಿಲ್ಲ. ನೀನು ಕೇಳಿದ ಸೋಪನ್ನು ನಾನು ಬಹಳ ಆಸೆಯಿಂದ ಮಾಡಿದ್ದೆ. ಬೆಳ್ಳಗೆ, ಚೌಕವಾಗಿ. ಬಾಲ್ಕನಿಯಲ್ಲಿ ಮಳೆಯ ಎರಚಲು, ಪಾರಿವಾಳದ ಕಾಟ. ಅಡುಗೆಮನೆಯಲ್ಲಿ ಅಮ್ಮ ಬಿಡಲಿಲ್ಲ. ದೇವರ ಮನೆಯ ಜಾಲರಿ ಕಿಟಕಿಯ ಪಕ್ಕದ ಹಲಗೆಯ ಮೇಲೆ ಗಾಳಿ ಚೆನ್ನಾಗಿ ಆಡುತ್ತದೆ, ಅಲ್ಲಿ ಯಾರೂ ಏನನ್ನೂ ಮುಟ್ಟುವುದಿಲ್ಲ ಎಂದುಕೊಂಡು ಅಲ್ಲೇ ಸಾಲಾಗಿ ಇಟ್ಟೆ. ಒಣಗುತ್ತ ಅವುಗಳ ಮೇಲೆ ಬಿಳಿಯ ಬೂದಿಯಂಥ ಪುಡಿ ಬಂದಿತ್ತು. ಕೈಯಲ್ಲಿ ಹಿಡಿದರೆ ನಿನ್ನ ವಿಭೂತಿ ಗಟ್ಟಿಯೇ. ನಾನು ಅದನ್ನು ನೋಡಿದ್ದೆ ಅಜ್ಜಿ. "ಅಯ್ಯೋ, ವಿಭೂತಿ ಥರಾನೇ ಇದೆ" ಎಂದು ಅಮ್ಮನಿಗೆ ತೋರಿಸಿ ನಕ್ಕಿದ್ದೆ. ಆದರೂ ಅಲ್ಲಿಂದ ತೆಗೆಯಲಿಲ್ಲ. ನೀನು ಬಂದ ಮೇಲೂ ತೆಗೆಯಲಿಲ್ಲ.

ನೀನು ಸ್ನಾನ ಮಾಡಿ, ಬೆರಳು ಒದ್ದೆ ಮಾಡಿ, ಆ ಗಟ್ಟಿಯ ಮೇಲೆ ಎಳೆದು ಹಣೆಗೆ ಹಚ್ಚಿಕೊಂಡು, ಲಿಂಗಕ್ಕೂ ಹಚ್ಚಿ ಅಂಗೈಯಲ್ಲಿ ಹಿಡಿದು ಕುಳಿತೆ. ಉರಿ ಹತ್ತಿದರೂ ಏಳಲಿಲ್ಲ. ಲಿಂಗ ಕೈಯಲ್ಲಿರುವಾಗ ಪೂಜೆ ಬಿಟ್ಟು ಏಳಬಾರದು ಎಂದು ಮುಗಿಯುವವರೆಗೂ ಕುಳಿತೇ ಇದ್ದೆ. ನಾನು ಪಕ್ಕದ ಕೋಣೆಯಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಓದುತ್ತಿದ್ದೆ. ನೀನು ನಲ್ಲಿಯ ಕೆಳಗೆ ತಲೆ ಹಿಡಿದು ನಿಂತಿದ್ದನ್ನು ನೋಡಿದಾಗಲೇ ನನಗೆ ಗೊತ್ತಾದದ್ದು.

ಡಾಕ್ಟರ ಹತ್ತಿರ ನಾನು ನಿಜ ಹೇಳಿದೆ, ಮೆಲ್ಲಗೆ, ನಿನಗೆ ಕೇಳಿಸದ ಹಾಗೆ. ಮನೆಗೆ ಬಂದ ಮೇಲೆ ಲೆಕ್ಕ ನೋಡಿದೆ. ಎಣ್ಣೆ ತೂಗುವಾಗ ಬಟ್ಟಲಿನ ತೂಕ ಕಳೆಯಲು ಮರೆತಿದ್ದೆ. ಎಣ್ಣೆ ಕಡಿಮೆಯಾಗಿ ಸೋಡಾ ಹಾಗೇ ಉಳಿದಿತ್ತು. ಅದು ಎಷ್ಟು ಒಣಗಿದ್ದರೂ ಸುಡುತ್ತಿತ್ತು.

ಸಂಜೆ ಅಪ್ಪ ಬಂದು "ಏನಾತವಾ?" ಎಂದಾಗ ನೀನು ತಟ್ಟನೆ "ಒಗ್ಗರಣಿ ಸಿಡೀತು" ಎಂದೆ. ನಾನು ಬಾಗಿಲ ಹಿಂದೆ ನಿಂತಿದ್ದೆ. ಆ ಸೋಪುಗಳನ್ನೆಲ್ಲ ಆಗಲೇ ಚೀಲಕ್ಕೆ ತುಂಬಿ ಮಂಚದ ಕೆಳಗೆ ನೂಕಿಯಾಗಿತ್ತು. ಆಗ ಬಾಯಿ ಬಿಡಬಹುದಿತ್ತು. ಮರುದಿನ ಅಪ್ಪ, "ಇನ್ನ ಈಕಿನ್ನ ಒಬ್ಬಾಕಿನ್ನ ಒಲಿ ಮುಂದ ಬಿಡಾಂಗಿಲ್ಲ, ನಾಗಸಂದ್ರದಾಗ ಧನಲಕ್ಷ್ಮಿ ಇಡೀ ದಿನಾ ಮನಿಯಾಗಿರ್ತಾಳ" ಎಂದಾಗಲೂ ಬಿಡಬಹುದಿತ್ತು. "ಶಾಂಭವಿ ಮನೇಲೇ ಇರ್ತಾಳಲ್ಲ" ಎಂದು ಅಮ್ಮ ಅಂದಳು. "ಆಕಿ ಪುಸ್ತಕದಾಗ ಮುಳುಗಿದ್ರ ಮನಿ ಸುಟ್ರೂ ಗೊತ್ತಾಗಂಗಿಲ್ಲ" ಎಂದರು ಅಪ್ಪ. ನೀನು ಬಟ್ಟೆ ಮಡಚುತ್ತಿದ್ದೆ.

ನನ್ನನ್ನು ಉಳಿಸಲು ನೀನು ಸುಳ್ಳು ಹೇಳಿದೆ. ಅದಕ್ಕೆ ನಿನ್ನ ಅಡುಗೆಮನೆ ಹೋಯಿತು. ಏನು ಮಾಡಲಿ, ಹೇಳು.

ಶಾಂಭವಿ


ನಾಗಸಂದ್ರ
೨೬ ಆಗಸ್ಟ್ ೨೦೨೫

ಚಿ. ಶಾಂಭವಿಗೆ,

ಗಾಯ ಮಾಯುತ್ತಿದೆ. ಹೊಸ ಚರ್ಮ ಬರುವಾಗ ತುರಿಸುತ್ತದೆ, ಅಷ್ಟೆ.

ಇಲ್ಲಿ ಎಲ್ಲ ಚೆನ್ನಾಗಿದೆ. ಧನಲಕ್ಷ್ಮಿಯ ಕಾಲು ಸರಿಹೋಗಿದೆ. "ನೀವು ಕುಂದ್ರಿ ಅತ್ತಿ, ನಾ ಮಾಡ್ತೀನಿ" ಎನ್ನುತ್ತಾಳೆ. ಕುಳಿತಿರುತ್ತೇನೆ. ಹುರುಳಿಕಾಯಿಯ ನಾರು ತೆಗೆದು ಸೋಸಲು ಕೊಡುತ್ತಾಳೆ, ಚಾಕು ಕೊಡುವುದಿಲ್ಲ. ಬಾಲ್ಕನಿಯಿಂದ ಮೆಟ್ರೋ ಕಾಣುತ್ತದೆ. ಬಂದು ನಿಲ್ಲುತ್ತದೆ, ಹೋಗುತ್ತದೆ. ಶಿವರಾಜ ಮಧ್ಯಾಹ್ನದ ಊಟವನ್ನು ಮತ್ತೆ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿಯೇ ಮಾಡುತ್ತಿದ್ದಾನೆ.

ನೀನು ಬರೆದ ವಿಷಯ ಬಿಟ್ಟುಬಿಡು. ಯಾರ ಮುಂದೆಯೂ ಆಡಬೇಡ. ಎಣ್ಣೆ ಸಿಡಿಯಿತು ಎಂದಿದ್ದೇನೆ, ಸಿಡಿಯಿತು. ನಿನಗೆ ನನ್ನ ಮೇಲೆ ಪ್ರೀತಿಯಿದ್ದರೆ ಇಷ್ಟು ನಡೆಸಿಕೊಡು.

ಕಾಗದವನ್ನು ಓದಿ ಹರಿದುಹಾಕಿದೆ. ಓದಿನ ಕಡೆ ಗಮನ ಕೊಡು.

ಗಂಗಮ್ಮ


ಸಿಂಗಸಂದ್ರ
೨೧ ಸೆಪ್ಟೆಂಬರ್ ೨೦೨೫

ಅಜ್ಜಿ,

ನಮ್ಮ ಕಡೆಯ ಹಳದಿ ಮೆಟ್ರೋ ಶುರುವಾಗಿದೆ. ಮನೆಯ ಹತ್ತಿರವೇ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಿಸಿದರೆ ನಿನ್ನ ಬಾಲ್ಕನಿಯ ಮುಂದೆಯೇ ಇಳಿಯಬಹುದು. ಈಗ ನನಗೆ ದೂರ ಎನ್ನುವ ನೆಪವೂ ಇಲ್ಲ. ಹೋದ ವಾರ ಪೀಣ್ಯದವರೆಗೂ ಬಂದಿದ್ದೆ. ನಿನ್ನ ಹಣೆಯನ್ನು ಎದುರಿಗೆ ಕುಳಿತು ನೋಡುವುದನ್ನು ನೆನೆದು ಅಲ್ಲೇ ಇಳಿದು ವಾಪಸ್ಸು ಹೋದೆ. ಬೈದುಕೋ.

ಆದರೆ ನಿನ್ನೆ ನಾನೊಂದು ಕೆಲಸ ಮಾಡಿದೆ. ಊಟಕ್ಕೆ ಕುಳಿತಾಗ ಚಿಕ್ಕಪ್ಪನ ಫೋನು ಬಂತು. ಅಪ್ಪ ಸ್ಪೀಕರಿಗೆ ಹಾಕಿದ್ದರು. ಚಿಕ್ಕಮ್ಮ ಬಟ್ಟೆ ಒಣಗಿಸಲು ಟೆರೇಸಿಗೆ ಹೋದಾಗ ನೀನು ಒಲೆ ಹಚ್ಚಿ ಚಹಾಕ್ಕೆ ಇಟ್ಟಿದ್ದೆಯಂತೆ. "ಗ್ಯಾಸ್ ಒಲಿ ತಿರುವೋ ಕಿವಿ ಕಿತ್ತು ಧನಲಕ್ಷ್ಮಿ ಪರ್ಸಿನ್ಯಾಗ ಇಟ್ಟೀವಿ, ಇನ್ನ ಹೆಂಗ ಹಚ್ಚತಾಳ ನೋಡೂಣು" ಎಂದು ಚಿಕ್ಕಪ್ಪ ನಕ್ಕರು. ಅಪ್ಪ "ಚಲೋ ಮಾಡ್ದಿ" ಎಂದರು.

ಕೈಯ ತುತ್ತನ್ನು ತಟ್ಟೆಗೇ ಇಟ್ಟೆ. ಅವರು ಫೋನಿಟ್ಟ ಕೂಡಲೇ, "ಅಪ್ಪಾ, ಅದು ಎಣ್ಣೆ ಅಲ್ಲ" ಎಂದೆ.

"ಯಾವುದು?"

"ಅಜ್ಜಿ ಹಣೆ ಸುಟ್ಟದ್ದು. ಒಗ್ಗರಣೆ ಸಿಡಿದಿದ್ದಲ್ಲ. ನನ್ನ ಸೋಪು. ಅಜ್ಜಿ ಅದನ್ನ ವಿಭೂತಿ ಅಂದ್ಕೊಂಡು ಹಚ್ಕೊಂಡ್ರು. ನಾನೇ ದೇವರ ಮನೇಲಿ ಇಟ್ಟಿದ್ದೆ."

ಎಲ್ಲವನ್ನೂ ಹೇಳಿದೆ. ಬಟ್ಟಲಿನ ತೂಕ, ಚೀಲ, ಮಂಚದ ಕೆಳಗಿನದು. ಬೈಗುಳಕ್ಕೆ ಕಾದೆ. ಅಪ್ಪ ಬೈಯಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತ, "ಅಂದ್ರ ಅವ್ವಗ ಸೋಪು ಯಾವುದು, ವಿಭೂತಿ ಯಾವುದು ಅನ್ನೂದ ಕಾಣಲಿಲ್ಲೇನು?" ಎಂದರು. ಎದ್ದು ಹೋಗಿ ಚಿಕ್ಕಪ್ಪನಿಗೆ ಫೋನು ಮಾಡಿದರು.

ನೀನು ಬೇಡವೆಂದಿದ್ದೆ, ಗೊತ್ತು. ಆದರೆ ಇನ್ನು ನಿನ್ನನ್ನು ಯಾರೂ ಒಲೆಯಿಂದ ದೂರ ಇಡುವುದಿಲ್ಲ. ತಪ್ಪು ನನ್ನದೆಂದು ಎಲ್ಲರಿಗೂ ಗೊತ್ತಾಯಿತಲ್ಲ. ದಸರೆಗೆ ಮನೆಗೆ ಬಾ. ನಾನೇ ಬಂದು ಕರೆದುಕೊಂಡು ಬರುತ್ತೇನೆ. ಎಷ್ಟೋ ವಾರಗಳ ನಂತರ ನಿನ್ನೆ ಚೆನ್ನಾಗಿ ನಿದ್ದೆ ಬಂತು.

ನಿನ್ನ
ಶಾಂಭವಿ


ನಾಗಸಂದ್ರ
೧೯ ಅಕ್ಟೋಬರ್ ೨೦೨೫

ಶಾಂಭವಿಗೆ,

ದಸರೆ ಮುಗಿಯಿತು. ಉತ್ತರ ಬರೆಯಲು ಮನಸ್ಸಾಗಲಿಲ್ಲ.

ನಿನಗೆ ನಿದ್ದೆ ಬಂತೆಂದು ಬರೆದಿದ್ದೀ. ಒಳ್ಳೆಯದು.

ನಿನ್ನನ್ನು ಉಳಿಸಲು ನಾನು ಸುಳ್ಳು ಹೇಳಿದೆ ಎಂದು ತಿಳಿದಿದ್ದೀಯಲ್ಲ, ಅದು ಹಾಗಲ್ಲ. ನಿಮ್ಮಪ್ಪ ಅಮರೇಶ ನಿನ್ನನ್ನು ಬೈದಿದ್ದರೆ ಒಂದು ದಿನ ಬೈಯುತ್ತಿದ್ದ. ಅದಕ್ಕೆ ನಾನು ಯಾಕೆ ಸುಳ್ಳು ಹೇಳಲಿ? ಬಿಸಿ ಎಣ್ಣೆ ಯಾರಿಗೆ ಬೇಕಾದರೂ ಸಿಡಿಯುತ್ತದೆ, ಹದಿನಾರರ ಹುಡುಗಿಗೂ ಸಿಡಿಯುತ್ತದೆ. ಆದರೆ ಬುದ್ಧಿ ತಿಳಿದಾಗಿನಿಂದ ದಿನಾ ವಿಭೂತಿ ಹಿಡಿದ ಕೈಗೆ ವಿಭೂತಿ ಯಾವುದೆಂದು ತಿಳಿಯಲಿಲ್ಲ ಎಂದರೆ ಏನು ಹೇಳುತ್ತಾರೆ? ನನ್ನ ಕಣ್ಣು ಹೋದ ವರ್ಷದಿಂದ ಮಂಜಾಗಿದೆ. ಯಾರಿಗೂ ಹೇಳಿರಲಿಲ್ಲ. ಅಡುಗೆಯನ್ನು ವಾಸನೆಯ ಮೇಲೆ, ಸಪ್ಪಳದ ಮೇಲೆ, ಕೈಯಳತೆಯ ಮೇಲೆ ಮಾಡುತ್ತಿದ್ದೆ. ನೀವು ಯಾರಾದರೂ ಒಂದು ದಿನ ಹೆಸರಿಟ್ಟಿರೇನು? ಒಲೆ ಹೋದರೆ ಹೋಗಲಿ, ಕಣ್ಣಿನ ವಿಷಯ ಮಾತ್ರ ಹೊರಗೆ ಬರಬಾರದು ಎಂದುಕೊಂಡಿದ್ದೆ. ಅದಕ್ಕೇ ಆಡಬೇಡ ಎಂದೆ. ನೀನು ಆಡಿದೆ.

ಹಬ್ಬಕ್ಕೆ ಧನಲಕ್ಷ್ಮಿಯ ಕಡೆಯವರೆಲ್ಲ ಬಂದಿದ್ದರು. "ನಮ್ಮವ್ವ ಲಿಂಗಕ್ಕ ಸೋಪು ಹಚ್ಚಿ ಸ್ನಾನ ಮಾಡ್ಸ್ಯಾಳ" ಎಂದು ಶಿವರಾಜ ಎಲ್ಲರ ಮುಂದೆ ಹೇಳಿ ನಕ್ಕ. ಅವನು ಕೆಟ್ಟವನಲ್ಲ, ನಗಿಸುವ ಚಟ. ಅದೇ ವಾರ ನನ್ನ ಕಿವಿಯ ಮಷೀನು ರಿಪೇರಿಯಾಗಿ ಬಂದಿತ್ತು. ಒಬ್ಬೊಬ್ಬರು ನಕ್ಕಿದ್ದೂ ಬೇರೆಬೇರೆಯಾಗಿ ಕೇಳಿಸಿತು. ಲಿಂಗದ ಕಪ್ಪು ಲೇಪ ಒಂದು ಕಡೆ ಮಂಕಾಗಿದೆಯಂತೆ. ಅದನ್ನೂ ಅವರೇ ನೋಡಿ ಹೇಳಿದರು. ನನಗೆ ಕಂಡಿರಲಿಲ್ಲ.

ಈಗ ದಿನಾ ಬೆಳಿಗ್ಗೆ ಧನಲಕ್ಷ್ಮಿ ತಾನೇ ಬಂದು ನನ್ನ ಗದ್ದ ಹಿಡಿದು ಹಣೆಗೆ ವಿಭೂತಿ ಹಚ್ಚುತ್ತಾಳೆ, ಕೂಸಿಗೆ ಹಚ್ಚಿದಂತೆ. ಲಿಂಗಕ್ಕೆ ನೀರನ್ನೂ ಅವಳೇ ಹಾಕುತ್ತಾಳೆ. ಬಹಳ ಅಕ್ಕರೆಯಿಂದ ಮಾಡುತ್ತಾಳೆ. ಅದಕ್ಕೇ ಬೇಡ ಎನ್ನಲು ಆಗುವುದಿಲ್ಲ.

ಚಳಿಗಾಲದಲ್ಲಿ ಕಣ್ಣಿನ ಆಪರೇಷನ್ ಮಾಡಿಸುತ್ತಾರಂತೆ. ಅದು ನಿನ್ನಿಂದ ಆದ ಒಳ್ಳೆಯದು ಎಂದು ಅಮರೇಶ ಹೇಳುತ್ತಾನೆ. ಇರಬಹುದು.

ಗಂಗಮ್ಮ


ಸಿಂಗಸಂದ್ರ
೯ ನವೆಂಬರ್ ೨೦೨೫

ಅಜ್ಜಿ,

ಕ್ಷಮಿಸು ಎಂದು ಬರೆದು ಹೊಡೆದುಹಾಕಿದೆ. ಆ ಮಾತನ್ನು ಬರೆದರೆ ಮತ್ತೆ ನಾನೇ ಹಗುರಾಗುತ್ತೇನೆ.

ದಿನಾ ಒಂದೇ ಮನೆಯಲ್ಲಿದ್ದೂ ನಿನ್ನ ಕಣ್ಣು ನನಗೆ ತಿಳಿಯಲಿಲ್ಲ. ಅಕ್ಷರ ದಪ್ಪಗೆ ಬರಿ ಎಂದಾಗ ನಿನ್ನ ಮಾತು ನಂಬಿ ಪೆನ್ನು ಬದಲಿಸಿದೆ. ಪುಸ್ತಕಗಳಲ್ಲಿ ಯಾರು ಏನನ್ನು ಬಚ್ಚಿಡುತ್ತಿದ್ದಾರೆಂದು ಪುಟಗಟ್ಟಲೆ ಬರೆದು ಅಂಕ ತೆಗೆದುಕೊಂಡವಳು ನಾನು.

ಕಾರ್ತಿಕದ ಕೊನೆಯ ಸೋಮವಾರ ಬೆಳಿಗ್ಗೆ ಬರುತ್ತೇನೆ, ನಿನ್ನ ಪೂಜೆಯ ಹೊತ್ತಿಗೆ. ಈ ಸಲ ಪೀಣ್ಯದಲ್ಲಿ ಇಳಿಯುವುದಿಲ್ಲ. ನೀನು ಮಾತಾಡದಿದ್ದರೂ ಸರಿ, ಕುಳಿತು ಬರುತ್ತೇನೆ.

ಶಾಂಭವಿ


ನಾಗಸಂದ್ರ
೨೩ ನವೆಂಬರ್ ೨೦೨೫

ಚಿ. ಶಾಂಭವಿಗೆ,

ಮಷೀನು ಕಿವಿಯಲ್ಲಿದೆ, ಫೋನಿನಲ್ಲಿಯೂ ಹೇಳಬಹುದಿತ್ತು. ಆದರೆ ಇದು ಶಿವರಾಜನ ಮುಂದೆ ಆಡುವ ಮಾತಲ್ಲ.

ನೀನು ಬಂದಾಗ ನಾನು ಮಾತಾಡಿಸಲಿಲ್ಲ. ಮಾತಾಡಿಸಬಾರದೆಂದೇ ಕುಳಿತಿದ್ದೆ. ನೀನು ಬಾಗಿಲ ಹತ್ತಿರ ಕುರ್ಚಿಯ ತುದಿಯಲ್ಲಿ ಕುಳಿತೆ. ಸಣ್ಣವಳಿದ್ದಾಗಲೂ ಯಾರ ಮನೆಗೆ ಹೋದರೂ ಹಾಗೇ ಕೂರುತ್ತಿದ್ದಿ.

ಧನಲಕ್ಷ್ಮಿ ತಟ್ಟೆ ಹಿಡಿದು ಬಂದು ನನ್ನ ಗದ್ದಕ್ಕೆ ಕೈ ಹಾಕಿದಳು. ನೀನು ಎದ್ದು, "ಚಿಕ್ಕಮ್ಮ, ಅಜ್ಜಿ ಕೈಗೇ ಕೊಟ್ಬಿಡಿ" ಎಂದೆ. "ಮತ್ತ ಏನಾರ ಹೆಚ್ಚುಕಡಿಮಿ ಆದ್ರ ನಿಮ್ಮಪ್ಪಗ ಯಾರು ಉತ್ತರಾ ಹೇಳೋರು?" ಎಂದಳು ಅವಳು. ಅವಳ ಮಾತೂ ಸರಿಯೇ. "ನಾನು ಹೇಳ್ತೀನಿ ಚಿಕ್ಕಮ್ಮ, ನಾನಿಲ್ಲೇ ಕೂತಿರ್ತೀನಿ, ಕೊಡಿ" ಎಂದೆ ನೀನು. ನೀನು ಹಿರಿಯರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಗಟ್ಟಿ ನನ್ನ ಕೈಗೆ ಬಂತು. ಮೂಸಿ ನೋಡಿದೆ. ತುಟಿಗೂ ತಾಗಿಸಿ ನೋಡಿದೆ. ನಾಚಿಕೆಯಾಯಿತು, ಆದರೂ ನೋಡಿದೆ. ಆಮೇಲೆ ಹಚ್ಚಿಕೊಂಡೆ. ಹೊಸ ಚರ್ಮಕ್ಕೆ ತಣ್ಣಗೆ ತಾಗಿತು.

ಪೂಜೆ ಮುಗಿದ ಮೇಲೆ "ಗೀಟು ಸರಿ ಅದಾವೇನು?" ಎಂದು ನಿನ್ನನ್ನೇ ಕೇಳಿದೆ. ನೀನು ಹತ್ತಿರ ಬಂದು ನೋಡಿ, "ಸರಿಯಾಗಿವೆ ಅಜ್ಜಿ" ಎಂದೆ.

ನೀನು ಮೆಟ್ರೋ ಹತ್ತಲು ಹೋದ ಮೇಲೆ ಧನಲಕ್ಷ್ಮಿ ಮೆಲ್ಲಗೆ ಬಂದಳು. "ಅತ್ತಿ, ಕೆಳಗಿನ ಗೀಟು ಹುಬ್ಬಿನ ಮ್ಯಾಲ ಇಳದೈತಿ, ಮ್ಯಾಲಿಂದು ಸೊಟ್ಟ ಆಗೇತಿ. ಒರಸಿ ಹಚ್ಚಲೇನ್ರಿ?" ಎಂದಳು. ನೀನು ನನಗೆ ಸುಳ್ಳು ಹೇಳಿದ್ದು ಆಗ ಗೊತ್ತಾಯಿತು. ಅವಳ ಕೈ ಹಿಡಿದು "ಬ್ಯಾಡ, ಇರಲಿ ಬಿಡು" ಎಂದೆ.

ದಿನವಿಡೀ ಹಾಗೇ ಇದ್ದೆ. ಶಿವರಾಜ ಬಂದು ನೋಡಿದ, ನೋಡಿ ಕೈಕಾಲು ತೊಳೆಯಲು ಹೋದ. ಸಂಜೆ ಪಕ್ಕದ ಮನೆಯ ಸೊಣ್ಣಮ್ಮ ಕರಿಬೇವು ಕೊಡಲು ಬಂದಳು. ಈ ಊರು ಹಳ್ಳಿಯಾಗಿದ್ದಾಗಿನಿಂದ ಇಲ್ಲಿದ್ದವಳು, ಅವಳ ಬಾಯಿಗೆ ಬಾಗಿಲಿಲ್ಲ. ನನ್ನ ಹಣೆಯನ್ನೇ ನೋಡುತ್ತ ನಿಂತು ಕೊನೆಗೆ ಕೇಳಿಯೇಬಿಟ್ಟಳು.

"ಇದ್ಯಾಕಮ್ಮೋ ಇಂಗೆ? ಯಾರು ಅಚ್ಚಿದ್ದು ಇಬೂತಿ?"

"ನಾನ" ಎಂದೆ.

ನಿನ್ನ ಅಜ್ಜಿ,
ಗಂಗಮ್ಮ